ಪಿಆರ್‌ವಿ ಎಂದರೆ ಯಾವ ವಾಲ್ವ್? ‘ವಿಸ್ತರಣಾ ಟ್ಯಾಂಕ್’ ಸರಿಯೇ?

ಪ್ರಶ್ನೆ: ವಾಟರ್ ಹೀಟರಿನ ಕೈಪಿಡಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಪಿಆರ್‌ವಿ’ ಎರಡು ಕಡೆ ಬರುತ್ತದೆ: ಮನೆಗೆ ನೀರು ಬರುವ ಪೈಪಿನಲ್ಲಿ ಒಂದು, ಹೀಟರಿನ ಮೇಲೆ ಇನ್ನೊಂದು. ಎರಡಕ್ಕೂ ‘ಒತ್ತಡ ಪರಿಹಾರ ಕವಾಟ’ ಎನ್ನಬಹುದೇ? ಎಕ್ಸ್‌ಪಾನ್ಷನ್ ಟ್ಯಾಂಕಿಗೆ ‘ವಿಸ್ತರಣಾ ಟ್ಯಾಂಕ್’ ಆದೀತೇ?

ಉತ್ತರ: ದಯವಿಟ್ಟು ಎರಡಕ್ಕೂ ಒಂದೇ ಹೆಸರು ಕೊಡಬೇಡಿ. ಪೈಪಿನಲ್ಲಿರುವುದು ಒತ್ತಡ ತಗ್ಗಿಸುವ ವಾಲ್ವ್ (ಪ್ರೆಶರ್ ರೆಡ್ಯೂಸಿಂಗ್ ವಾಲ್ವ್). ಉದಾಹರಣೆಗೆ, ಹೊರಗೆ ಒತ್ತಡ 7 ಬಾರ್ ಇದ್ದರೂ ಒಳಕ್ಕೆ 3 ಬಾರ್ ಮಾತ್ರ ಬಿಡುತ್ತದೆ. ಹೀಟರಿನ ಮೇಲಿರುವುದು (ಪ್ರೆಶರ್ ರಿಲೀಫ್ ವಾಲ್ವ್) ಮುಚ್ಚಿಕೊಂಡೇ ಇದ್ದು, ಒತ್ತಡ ಮಿತಿ ಮೀರಿದಾಗ ತೆರೆದು ನೀರನ್ನು ಹೊರಚೆಲ್ಲುತ್ತದೆ. ಅದಕ್ಕೆ ಪ್ಲಂಬರುಗಳು ಆಡುವ ‘ಸೇಫ್ಟಿ ವಾಲ್ವ್’ ಸಾಕು. ‘ಪರಿಹಾರ’ ಎಂದರೆ ನಷ್ಟಕ್ಕೆ ಕೊಡುವ ಹಣ ನೆನಪಾಗುತ್ತದೆ. ‘ಕವಾಟ’ ಎಂದರೆ ಹೃದಯದ ಕವಾಟ ನೆನಪಾಗುತ್ತದೆ. ಹೆಸರು ಅದಲುಬದಲಾದರೆ ಅಪಾಯವಿದೆ: ತಗ್ಗಿಸುವ ವಾಲ್ವಿನ ಸ್ಕ್ರೂ ತಿರುಗಿಸಿ ಒತ್ತಡ ಹೊಂದಿಸಬಹುದು, ಸೇಫ್ಟಿ ವಾಲ್ವಿನ ಸೆಟ್ಟಿಂಗ್ ಮುಟ್ಟಬಾರದು, ಅದರ ಬಾಯಿಗೆ ಪ್ಲಗ್ ಜಡಿಯಲೇಬಾರದು.

‘ವಿಸ್ತರಣಾ ಟ್ಯಾಂಕ್’ ಓದಿದವರು ಹೆಚ್ಚು ನೀರು ಹಿಡಿಸಲು ಜೋಡಿಸಿದ ಇನ್ನೊಂದು ಟ್ಯಾಂಕ್ ಎಂದುಕೊಳ್ಳುತ್ತಾರೆ. ಎಕ್ಸ್‌ಪಾನ್ಷನ್ ಟ್ಯಾಂಕ್ ಎಂದೇ ಬರೆದು, ಮೊದಲ ಸಲ ‘ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ ಟ್ಯಾಂಕ್’ ಎಂದು ಬಿಡಿಸಿ ಹೇಳಿ. ‘ವ್ಯಾಕೋಚನ’ ಪಠ್ಯಪುಸ್ತಕಕ್ಕಿರಲಿ, ಇಲ್ಲಿ ‘ಹಿಗ್ಗು’ ಸಾಕು. 150 ಲೀಟರ್ ನೀರು 10 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾದರೆ ಸುಮಾರು 2.5 ಲೀಟರ್ ಹಿಗ್ಗುತ್ತದೆ. ಮಹಡಿ ಮೇಲಿನ ಟ್ಯಾಂಕಿನಿಂದ ನೇರವಾಗಿ ಇಳಿದ ಪೈಪಾದರೆ ಅಷ್ಟು ನೀರು ವಾಪಸ್ ಮೇಲಕ್ಕೆ ಸರಿಯುತ್ತದೆ. ನಡುವೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ನಾನ್-ರಿಟರ್ನ್ ವಾಲ್ವ್ ಇದ್ದರೆ ದಾರಿ ಮುಚ್ಚಿತು. ನೀರನ್ನು ಅದುಮಿ ಕುಗ್ಗಿಸಲಾಗದ ಕಾರಣ ಒತ್ತಡ ಸರ್ರನೆ ಏರಿ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ.

ಈ ‘ತೊಟ್ಟಿಕ್ಕು’ ಎಂಬುದನ್ನು ‘ಸೋರಿಕೆ’ ಮಾಡಬೇಡಿ. ನೀರು ಕಾಯುವಾಗ ಮಾತ್ರ ತೊಟ್ಟಿಕ್ಕಿದರೆ ವಾಲ್ವ್ ತನ್ನ ಕೆಲಸ ಮಾಡುತ್ತಿದೆ, ಕೊರತೆ ಇರುವುದು ಹಿಗ್ಗಿದ ನೀರಿನ ಜಾಗಕ್ಕೆ. ತಣ್ಣಗಿದ್ದಾಗಲೂ ನಿಲ್ಲದಿದ್ದರೆ ಅದು ಸೋರಿಕೆ: ವಾಲ್ವಿನ ಸೀಟಿನಲ್ಲಿ (ಮುಚ್ಚಳ ಕೂರುವ ಜಾಗದಲ್ಲಿ) ಕಸ ಸಿಕ್ಕಿರಬಹುದು, ಇಲ್ಲವೇ ಪೈಪಿನ ಒತ್ತಡವೇ ಹೆಚ್ಚಿರಬಹುದು.

ಪ್ರಶ್ನೆ: ಎಕ್ಸ್‌ಪಾನ್ಷನ್ ಟ್ಯಾಂಕಿನ ‘ಪ್ರೀ-ಚಾರ್ಜ್’ಗೆ ‘ಮುಂಚಿತವಾಗಿ ಚಾರ್ಜ್ ಮಾಡಿ’ ಎಂದಿಟ್ಟಿದ್ದೆ.

ಉತ್ತರ: ಓದಿದವರು ಕರೆಂಟ್ ಹುಡುಕುತ್ತಾರೆ! ಟ್ಯಾಂಕಿನೊಳಗಿನ ರಬ್ಬರ್ ಪೊರೆಯ ಒಂದು ಬದಿಗೆ ನೀರು, ಇನ್ನೊಂದು ಬದಿಗೆ ಗಾಳಿ. ‘ಗಾಳಿ ತುಂಬಿ’ ಎಂದರೆ ಮುಗಿಯಿತು. ಎಷ್ಟು ಎಂಬುದನ್ನೂ ಬರೆಯಿರಿ: ಪೈಪಿನ ಒತ್ತಡದಷ್ಟೇ, ಇಲ್ಲಿ 3 ಬಾರ್. ಹೀಟರ್ ಆಫ್ ಮಾಡಿ, ಒಳಬರುವ ನೀರು ನಿಲ್ಲಿಸಿ, ನಲ್ಲಿ ತೆರೆದು ಒತ್ತಡ ಇಳಿಸಿದ ಮೇಲೆ ಟೈರ್ ಗೇಜಿನಿಂದ ಅಳೆಯಬೇಕು. ಇಳಿಸದೆ ಅಳೆದರೆ ಗೇಜ್ ತೋರಿಸುವುದು ನೀರಿನ ಒತ್ತಡವನ್ನು. ಟ್ಯಾಂಕಿನ ಜಾಗ ತಣ್ಣೀರಿನ ಪೈಪಿನಲ್ಲಿ, ನಾನ್-ರಿಟರ್ನ್ ವಾಲ್ವಿಗೂ ಹೀಟರಿಗೂ ನಡುವೆ. ಟ್ಯಾಂಕಿಗೂ ಹೀಟರಿಗೂ ಮಧ್ಯೆ ಬಂದ್ ಮಾಡುವ ವಾಲ್ವ್ ಕೂಡದು. ಒತ್ತಡ 5 ಬಾರ್ ದಾಟಬಾರದೆಂದರೆ ಟ್ಯಾಂಕಿನ ಮೂರನೇ ಒಂದು ಭಾಗದಷ್ಟೇ ನೀರು ಹಿಡಿಯುತ್ತದೆ, ಹಾಗಾಗಿ 2.5 ಲೀಟರಿಗೆ 8 ಲೀಟರಿನ ಟ್ಯಾಂಕ್ ಬೇಕು.