ಅಪ್‌ಡೇಟ್: ಸ್ಟಾರ್ಟರ್ ಬದಲಿಸದೆಯೇ ಪಿಕಪ್ ಎದ್ದಿತು

ಕೀ ತಿರುಗಿಸಿದರೆ ‘ಟಕ್’ ಎಂಬ ಒಂದೇ ಸದ್ದು, ಎಂಜಿನ್ ಮಾತ್ರ ಮಿಸುಕುವುದಿಲ್ಲ ಎಂದು ನಮ್ಮ ತೋಟದ ಹಳೆಯ ಡೀಸೆಲ್ ಪಿಕಪ್ ಬಗ್ಗೆ ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

ಮೊದಲು ಬ್ಯಾಟರಿ ಅಳೆಯಿರಿ ಎಂದವರಿಗೆ ಧನ್ಯವಾದ. ಸುಮ್ಮನೆ ನಿಂತಾಗ 12.6 ವೋಲ್ಟ್ ಇತ್ತು, ಕೀ ತಿರುಗಿಸಿದಾಗಲೂ ಹೆಚ್ಚು ಕುಸಿಯಲಿಲ್ಲ. ಅಂದರೆ ಬ್ಯಾಟರಿ ಗಟ್ಟಿಯಾಗಿದೆ, ಎಂಜಿನ್ ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಸರಿಯಾಗಿ ತಲುಪುತ್ತಿಲ್ಲ. ಗ್ಯಾರೇಜಿನವರೊಬ್ಬರು ಹೊಸ ಸ್ಟಾರ್ಟರ್ ಹಾಕಿಸಿ ಎಂದೇ ಪಟ್ಟು ಹಿಡಿದಿದ್ದರು. ಸೋಮವಾರಪೇಟೆಯ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ವೋಲ್ಟ್ ಮೀಟರಿನ ಒಂದು ತಂತಿಯನ್ನು ಬ್ಯಾಟರಿಯ ಮೈನಸ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಒತ್ತಿ ಹಿಡಿದು, ‘ಈಗ ತಿರುಗಿಸಿ’ ಎಂದರು. ಅರ್ಧ ವೋಲ್ಟ್ ಮೀರಬಾರದ ಕಡೆ ಹಲವು ವೋಲ್ಟ್ ತೋರಿಸಿತು!

ಅಂದರೆ ಇವೆರಡರ ನಡುವೆಯೇ ಕರೆಂಟಿಗೆ ತಡೆ. ಕಳ್ಳ ಸಿಕ್ಕಿದ್ದು ಬ್ಯಾಟರಿಯ ಮೈನಸ್ಸನ್ನು ಎಂಜಿನ್ನಿಗೆ ಜೋಡಿಸುವ ಅರ್ತ್ ಪಟ್ಟಿಯಲ್ಲಿ. ಮೇಲ್ನೋಟಕ್ಕೆ ಏನೂ ಇಲ್ಲ; ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಹಸಿರು ಪುಡಿ, ತುಕ್ಕು. ಕೊಡಗಿನ ಮಳೆಗಾಲದ ತೇವಕ್ಕೆ ಇನ್ನೇನಾದೀತು! ಎರಡೂ ತುದಿಯನ್ನು ಉಜ್ಜುಕಾಗದದಿಂದ ಹೊಳೆಯುವಂತೆ ತಿಕ್ಕಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆವು. ಗಾಡಿ ಕೂಡಲೇ ಎದ್ದಿತು.

ಚಳಿಯ ಬೆಳಗಿನಲ್ಲಿ ಈಗಲೂ ತುಸು ನಿಧಾನ. ಸ್ಟಾರ್ಟರ್ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಕಾಫಿ ಕೊಯ್ಲು ಮುಗಿದ ಮೇಲೆ ಬಿಚ್ಚಿಸುತ್ತೇನೆ.