ಅಪ್‌ಡೇಟ್: ಕೀಮೋ ಅಡ್ಡಪರಿಣಾಮಗಳನ್ನು ಮನೆಯಿಂದಲೇ ತಿಳಿಸುವ ಬಗ್ಗೆ

ಕೀಮೋಥೆರಪಿಯ ಅಡ್ಡಪರಿಣಾಮಗಳನ್ನು ಮುಂದಿನ ಭೇಟಿಯವರೆಗೆ ಬರೆದಿಟ್ಟುಕೊಂಡರೆ ಸಾಕೇ, ಮನೆಯಿಂದಲೇ ಆಗಾಗ ತಿಳಿಸಬೇಕೇ ಎಂದು ತಾಯಿಯವರ ಪರವಾಗಿ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಕೃತಜ್ಞತೆಗಳು. ಈಗ ತಾಯಿಯವರು ವಾಕರಿಕೆ, ಭೇದಿ, ಬಾಯಿಹುಣ್ಣು, ಕೈಕಾಲು ಜೋಮು ಎಷ್ಟು ತೀವ್ರವಾಗಿವೆ, ದಿನದ ಕೆಲಸಗಳಿಗೆ ಎಷ್ಟು ಅಡ್ಡಿಯಾಗಿವೆ ಎಂಬುದನ್ನು ವಾರಕ್ಕೊಮ್ಮೆ ಆಸ್ಪತ್ರೆಯ ಆ್ಯಪ್‌ನಲ್ಲಿ ತಾವೇ ಗುರುತಿಸುತ್ತಾರೆ. ವೈದ್ಯರೆದುರು ‘ಪರವಾಗಿಲ್ಲ’ ಎಂದು ಮುಗಿಸಿಬಿಡುತ್ತಿದ್ದ ಜೋಮಿನ ವಿಷಯ ಹೀಗೆ ಹೊರಬಂದು, ಔಷಧದ ಪ್ರಮಾಣವನ್ನು ತಗ್ಗಿಸಲಾಯಿತು. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹೀಗೆ ಲಕ್ಷಣಗಳನ್ನು ವರದಿ ಮಾಡುತ್ತಿದ್ದವರು ಬದುಕುಳಿದ ಅವಧಿಯ ಮಧ್ಯಾಂಕ (ಅಂದರೆ ಅರ್ಧದಷ್ಟು ಜನ ಅದಕ್ಕಿಂತ ಹೆಚ್ಚು ಕಾಲ ಬದುಕಿದ ಅವಧಿ) 31.2 ತಿಂಗಳಿದ್ದರೆ, ಎಂದಿನ ಆರೈಕೆಯಲ್ಲಿದ್ದವರದು 26 ತಿಂಗಳು. ಆದರೆ ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಆ್ಯಪ್‌ನ ಉತ್ತರಕ್ಕೆ (ರಾತ್ರಿ ಅದನ್ನು ನೋಡುವವರಿಲ್ಲ) ಕಾಯದೆ ತಕ್ಷಣ ಫೋನ್ ಮಾಡಬೇಕೆಂದು ನರ್ಸ್ ಎಚ್ಚರಿಸಿದ್ದಾರೆ. ಏಕೆಂದರೆ ಕೀಮೋದಿಂದ, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಕುಸಿದಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಉಲ್ಬಣಿಸಬಹುದು.