ಕ್ಯಾನ್ಸರ್ ಚಿಕಿತ್ಸೆಯ ನಡುವೆ ಅಮ್ಮನಿಗೆ ಏದುಸಿರು: ಮುಂದಿನ ಎಕೋವರೆಗೆ ಕಾಯಬಹುದೇ?

ಪೆರ್ಲದ ಮಗಳು:
ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು. ನನ್ನ ಅಮ್ಮನಿಗೆ 58 ವರ್ಷ, ಮೊದಲಿನಿಂದಲೂ ಶುಗರ್ ಮತ್ತು ಬಿಪಿ ಇದೆ. ಎಡ ಸ್ತನದಲ್ಲಿ ಕ್ಯಾನ್ಸರ್ ಎಂದು ತಿಳಿದು ಮಂಗಳೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಎಲ್ಲರೂ ‘ಕೆಂಪು ಮದ್ದು’ ಎನ್ನುವ ಡಾಕ್ಸೊರುಬಿಸಿನ್ ನಾಲ್ಕು ಬಾರಿ ಕೊಟ್ಟರು. ಗಡ್ಡೆ ಹರ್-2 ಪಾಸಿಟಿವ್ (ಕ್ಯಾನ್ಸರ್ ಬೆಳೆಸುವ ಹರ್-2 ಎಂಬ ಪ್ರೋಟೀನ್ ಹೆಚ್ಚಿರುವುದು) ಆದ ಕಾರಣ ಈಗ ಮೂರು ವಾರಕ್ಕೊಮ್ಮೆ ಅದನ್ನು ತಡೆಯುವ ಟ್ರಾಸ್ಟುಜುಮ್ಯಾಬ್ ಮದ್ದು ನಡೆಯುತ್ತಿದೆ, ಮುಂದಿನ ತಿಂಗಳು ರೇಡಿಯೇಷನ್. ಕೀಮೋಗೆ ಮೊದಲು ಎಕೋದಲ್ಲಿ (ಹೃದಯದ ಸ್ಕ್ಯಾನ್) 62 ಇದ್ದ ಇಎಫ್ (ಹೃದಯ ಪ್ರತಿ ಬಡಿತಕ್ಕೆ ಶೇಕಡಾ ಎಷ್ಟು ರಕ್ತ ಹೊರದೂಡುತ್ತದೆ ಎಂಬ ಅಳತೆ) ಎರಡು ತಿಂಗಳ ಹಿಂದೆ 54ಕ್ಕೆ ಇಳಿದಿತ್ತು. ಹದಿನೈದು ದಿನಗಳಿಂದ ತೋಟದಿಂದ ಮನೆಗೆ ಗುಡ್ಡ ಹತ್ತುವಾಗ ಅಮ್ಮ ಎರಡು ಕಡೆ ನಿಲ್ಲುತ್ತಾಳೆ, ರಾತ್ರಿ ಎರಡು ತಲೆದಿಂಬು ಬೇಕೆನ್ನುತ್ತಾಳೆ. ನೆಂಟರು ಇದು ಕೀಮೋದ ನಿಶ್ಶಕ್ತಿ ಎನ್ನುತ್ತಾರೆ. ದೊಡ್ಡಮ್ಮನಂತೂ ಮದ್ದನ್ನೇ ನಿಲ್ಲಿಸಲು ಹೇಳುತ್ತಿದ್ದಾರೆ. ಎಕೋಗೆ ಇನ್ನೂ ಒಂದು ತಿಂಗಳಿದೆ.

ಕುಂಬಳೆಯ ನಿವೃತ್ತ ನರ್ಸ್:
ತಂಗೀ, ಕಾಯಬೇಡಿ, ನಾಳೆಯೇ ಕರೆದುಕೊಂಡು ಹೋಗಿ. ಏರು ಹತ್ತುವಾಗ ಉಸಿರು ಕಟ್ಟುವುದಕ್ಕೆ ರಕ್ತಹೀನತೆಯೂ ಕಾರಣವಾಗಬಹುದು, ಹಾಗಾಗಿ ಹಿಮೋಗ್ಲೋಬಿನ್ ನೋಡಿಸಿ. ಆದರೆ ಚಪ್ಪಟೆಯಾಗಿ ಮಲಗಿದರೆ ಉಸಿರಾಡಲು ಆಗದೆ ದಿಂಬು ಹೆಚ್ಚಿಸಬೇಕಾಗುವುದು ಹೃದಯದ ಪಂಪಿಂಗ್ ಕುಗ್ಗಿರುವ ಸೂಚನೆಯಾಗಿರಬಹುದು. ಕಾಲು ಊದಿಕೊಂಡಿದೆಯೇ, ಎರಡು ಮೂರು ದಿನಗಳಲ್ಲೇ ತೂಕ ಏರಿದೆಯೇ ಎಂಬುದನ್ನೂ ಗಮನಿಸಿ. ಕುಳಿತಲ್ಲೇ ಉಸಿರು ಸಿಗದಿದ್ದರೆ ಅಥವಾ ಎದೆನೋವು ಬಂದರೆ ಬೆಳಗಾಗುವವರೆಗೂ ಕಾಯದೆ ಹತ್ತಿರದ ಆಸ್ಪತ್ರೆಗೆ ಒಯ್ಯಿರಿ.

ಎರಡು ಮದ್ದುಗಳೂ ಹೃದಯವನ್ನು ಮುಟ್ಟುತ್ತವೆ, ಆದರೆ ಒಂದೇ ರೀತಿಯಲ್ಲಲ್ಲ. ಕೆಂಪು ಮದ್ದಿನ ಅಪಾಯ ಒಟ್ಟು ಪ್ರಮಾಣ ಏರಿದಂತೆಲ್ಲ ಹೆಚ್ಚುತ್ತದೆ; ಅದರಿಂದ ಹೃದಯದ ಸ್ನಾಯುಗಳಿಗೆ ಆಗುವ ಹಾನಿ ವರ್ಷಗಳ ಬಳಿಕ ಕಾಣಿಸಿಕೊಳ್ಳುವುದೂ ಉಂಟು. ಟ್ರಾಸ್ಟುಜುಮ್ಯಾಬ್‌ನಿಂದ ಕುಗ್ಗಿದ ಪಂಪಿಂಗ್ ಹೆಚ್ಚಿನವರಲ್ಲಿ ಮದ್ದಿಗೆ ಬಿಡುವು ಕೊಟ್ಟು ಹೃದಯದ ಮಾತ್ರೆ ಆರಂಭಿಸಿದರೆ ಸುಧಾರಿಸುತ್ತದೆ. ಆ ಕಾರಣಕ್ಕೇ ಮೂರು ತಿಂಗಳಿಗೊಮ್ಮೆ ಎಕೋ ಮಾಡಿಸುವುದು. ಲಕ್ಷಣ ಕಂಡಾಗ ಆ ಲೆಕ್ಕ ಅನ್ವಯಿಸುವುದಿಲ್ಲ. ಅಮ್ಮನಿಗೆ ವಯಸ್ಸು, ಶುಗರ್, ಬಿಪಿ ಮೂರೂ ಸೇರಿರುವುದರಿಂದ ಅಪಾಯ ಮೊದಲೇ ಹೆಚ್ಚಿತ್ತು.

ದೊಡ್ಡಮ್ಮನ ಆತಂಕ ನನಗೆ ಅರ್ಥವಾಗುತ್ತದೆ, ಆದರೂ ಮನೆಯಲ್ಲಿ ಕುಳಿತು ನಿಲ್ಲಿಸುವ ಮದ್ದು ಇದಲ್ಲ. ಹರ್-2 ಇರುವವರಲ್ಲಿ ಕ್ಯಾನ್ಸರ್ ಮರಳದಂತೆ ತಡೆಯುವುದು ಇದೇ. ನಿಲ್ಲಿಸಬೇಕೇ, ಎಷ್ಟು ದಿನ ಎಂಬುದನ್ನು ಕ್ಯಾನ್ಸರ್ ವೈದ್ಯರೂ ಹೃದಯ ವೈದ್ಯರೂ ಮಾತನಾಡಿಕೊಂಡು ತೀರ್ಮಾನಿಸಲಿ. ಇನ್ನೊಂದು ಮಾತು: ಎಕೋವನ್ನು ಒಮ್ಮೆ ಕಾಸರಗೋಡಿನಲ್ಲಿ, ಒಮ್ಮೆ ಮಂಗಳೂರಿನಲ್ಲಿ ಮಾಡಿಸಬೇಡಿ. ಯಂತ್ರವೂ ನೋಡುವವರೂ ಬದಲಾದರೆ ಐದಾರು ಅಂಕಗಳ ವ್ಯತ್ಯಾಸ ಸುಮ್ಮನೆ ಬಂದುಬಿಡುತ್ತದೆ.

ಬದಿಯಡ್ಕದಿಂದ ಒಬ್ಬರು:
ನನಗೂ ಎಡಭಾಗವೇ ಆಗಿತ್ತು. ಹೃದಯ ಎಡಕ್ಕಿರುವುದರಿಂದ ರೇಡಿಯೇಷನ್‌ನ ಒಂದಂಶ ಅದಕ್ಕೂ ತಾಗುತ್ತದೆ. ಸ್ವೀಡನ್ ಮತ್ತು ಡೆನ್ಮಾರ್ಕ್‌ನ 2168 ಮಹಿಳೆಯರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೃದಯಕ್ಕೆ ತಗಲುವ ಸರಾಸರಿ ವಿಕಿರಣ ಒಂದು ಗ್ರೇ (ವಿಕಿರಣದ ಅಳತೆ) ಹೆಚ್ಚಾದಂತೆ ಹೃದಯಾಘಾತದಂಥ ಘಟನೆಗಳ ಪ್ರಮಾಣ ಶೇ. 7.4ರಷ್ಟು ಏರುವುದು ಕಂಡುಬಂದಿತ್ತು. ಹೆದರಿಸಲು ಇದನ್ನು ಹೇಳುತ್ತಿಲ್ಲ. ದೀರ್ಘವಾಗಿ ಉಸಿರೆಳೆದು ಹಿಡಿದಾಗ ಶ್ವಾಸಕೋಶ ತುಂಬಿ ಹೃದಯ ಎದೆಗೋಡೆಯಿಂದ ದೂರ ಸರಿಯುತ್ತದೆ; ಆ ಕ್ಷಣದಲ್ಲಷ್ಟೇ ವಿಕಿರಣ ಕೊಡುವ ವಿಧಾನವಿದೆ. ನನಗೆ ಹಾಗೆಯೇ ಕೊಟ್ಟರು, ಮೊದಲೇ ಮನೆಯಲ್ಲಿ ಉಸಿರು ಹಿಡಿಯುವ ಅಭ್ಯಾಸ ಮಾಡಿಕೊಂಡಿದ್ದೆ. ಅಮ್ಮನಿಗೆ ಅದು ಸಾಧ್ಯವೇ ಎಂದು ಯೋಜನೆ ಹಾಕುವ ಮೊದಲೇ ಕೇಳಿ. ಆದರೆ ಅಭ್ಯಾಸವೆಲ್ಲ ಈಗಿನ ಏದುಸಿರಿಗೆ ಕಾರಣ ತಿಳಿದ ಮೇಲೆ.

ಪೆರ್ಲದ ಮಗಳು:
ಇಬ್ಬರಿಗೂ ಕೃತಜ್ಞತೆಗಳು. ಮರುದಿನವೇ ಹೋದೆವು. ಇಎಫ್ 46 ಬಂತು, ಹಿಮೋಗ್ಲೋಬಿನ್ ಕೂಡ 9.6 ಮಾತ್ರ. ಟ್ರಾಸ್ಟುಜುಮ್ಯಾಬ್ ಸದ್ಯಕ್ಕೆ ತಡೆಹಿಡಿದು, ಹೃದಯದ ಮಾತ್ರೆಗಳನ್ನೂ ನೀರು ಇಳಿಸುವ ಮಾತ್ರೆಯನ್ನೂ ಕೊಟ್ಟಿದ್ದಾರೆ. ನಾಲ್ಕು ವಾರದ ಬಳಿಕ ಅದೇ ಯಂತ್ರದಲ್ಲಿ ಮತ್ತೆ ಎಕೋ. ನಿನ್ನೆ ರಾತ್ರಿ ಅಮ್ಮ ಒಂದೇ ದಿಂಬಿನಲ್ಲಿ ಮಲಗಿದಳು.